ಉರುಳುವ ಚೆಂಡು, ಓಡುವ ಮಗು

(ಗ್ರಾಮದ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಆರೋಗ್ಯ ಇಲಾಖೆಯವರು ಸಭೆ ಕರೆದರೆಂದರೆ ಔಷಧ, ಚುಚ್ಚುಮದ್ದು, ಬಾಣಂತಿಯ ಆರೈಕೆ ಇವುಗಳ ವಿಚಾರವೇ ಬರುವುದೆಂದು ತಾವು ಎಣಿಸಿರಬಹುದು. ಅವೆಲ್ಲವೂ ಅಗತ್ಯವಾದ ಮಾತುಗಳೇ ಸರಿ. ಆದರೆ ಈ ಹೊತ್ತು ನಾನು ತಮ್ಮ ಮುಂದೆ ಇಡಲಿರುವುದು ಒಂದು ಚೆಂಡಿನ ವಿಚಾರ. ಹಳೆಯ ಸೀರೆಯ ಚಿಂದಿಯಿಂದ ಕಟ್ಟಿದ ಚೆಂಡು. ಅದನ್ನು ನೆಲದ ಮೇಲೆ ಉರುಳಿಸಿ, ಎದುರಿಗೆ ನಿಲ್ಲಿಸಿದ ಗುರಿಗಳನ್ನು ಕೆಡವುವ ಆಟ. ಪ್ರಾಥಮಿಕ ಶಾಲೆಯ ವ್ಯಾಯಾಮದ ಅವಧಿಯಲ್ಲಿ ಖರ್ಚಿಲ್ಲದೆ ಆಡಿಸಬಹುದಾದ ಈ ಆಟಕ್ಕೂ ಕುಟುಂಬದ ಕ್ಷೇಮಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ಮಾತು ಮುಗಿಯುವುದರೊಳಗಾಗಿ ಆ ಸಂಬಂಧವು ತಮಗೇ ತಿಳಿಯುವುದೆಂದು ನಂಬಿದ್ದೇನೆ.

ಮೊದಲು, ತಮ್ಮಲ್ಲಿ ಅನೇಕರ ಮನಸ್ಸಿನಲ್ಲಿರುವ ಆಕ್ಷೇಪವನ್ನು ನಾನೇ ಎತ್ತಿಬಿಡುತ್ತೇನೆ. “ನಮ್ಮ ಮಕ್ಕಳು ಕುಳಿತಲ್ಲಿಯೇ ಬೆಳೆಯುವವರಲ್ಲ. ನೀರು ತರುತ್ತಾರೆ, ದನ ಕಾಯುತ್ತಾರೆ, ಸೌದೆ ಹೊರುತ್ತಾರೆ. ಇದಕ್ಕಿಂತ ಬೇರೆ ವ್ಯಾಯಾಮವೇಕೆ?” ಈ ಮಾತಿನಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾರೆ. ಆದರೆ ದುಡಿಮೆ ಬೇರೆ, ಆಟ ಬೇರೆ. ಕೊಡ ಹೊತ್ತು ನಡೆಯುವ ಮಗುವಿನ ಮೈಯಲ್ಲಿ ಅದೇ ಕೆಲವು ಮಾಂಸಖಂಡಗಳು ಅದೇ ರೀತಿಯಲ್ಲಿ ಮತ್ತೆ ಮತ್ತೆ ದಣಿಯುತ್ತವೆ. ಆಟದಲ್ಲಾದರೋ ಕಣ್ಣು ಗುರಿಯನ್ನು ಅಳೆಯುತ್ತದೆ, ಕೈ ಅದಕ್ಕೆ ಹೊಂದಿಕೊಳ್ಳುತ್ತದೆ, ಕಾಲು ಸಮತೋಲವನ್ನು ಕಲಿಯುತ್ತದೆ, ಉಸಿರು ಏರಿ ಇಳಿಯುತ್ತದೆ; ಎಲ್ಲಕ್ಕೂ ಮಿಗಿಲಾಗಿ ಮನಸ್ಸು ಹಗುರಾಗುತ್ತದೆ. ಅಲ್ಲದೆ, ಇಂದು ಹಳ್ಳಿಯ ಜಗಲಿಯ ಮೇಲೂ ಮೊಬೈಲ್ ಫೋನು ಬಂದು ಕುಳಿತಿದೆ. ಶಾಲೆಯಿಂದ ಬಂದ ಮಗು ಅದನ್ನು ಹಿಡಿದು ಮೂಲೆ ಸೇರುವುದನ್ನು ತಾವೂ ಕಂಡಿದ್ದೀರಿ. 5ರಿಂದ 17 ವರ್ಷದವರೆಗಿನ ಮಕ್ಕಳು ದಿನವೊಂದಕ್ಕೆ ಸರಾಸರಿ 60 ನಿಮಿಷಗಳಾದರೂ ಉಸಿರು ಬಿರುಸಾಗುವಂತೆ ಮೈ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹೇಳಿದೆ. ಈ 60 ನಿಮಿಷಗಳಲ್ಲಿ ಒಂದು ಭಾಗವನ್ನು ಶಾಲೆಯೂ ಉಳಿದುದನ್ನು ಮನೆಯೂ ಒದಗಿಸಿಕೊಡಬೇಕು.

ಚೆಂಡು ಉರುಳಿಸಿ ಗುರಿ ಕೆಡವುವ ಆಟವು ಬಲು ಪುರಾತನವಾದುದು. ಈಜಿಪ್ಟ್ ದೇಶದ ನಕಾಡಾ ಎಂಬಲ್ಲಿ ಭೂಶೋಧನೆ ಮಾಡಿದ ಫ್ಲಿಂಡರ್ಸ್ ಪೆಟ್ರಿ ಎಂಬ ವಿದ್ವಾಂಸರಿಗೆ, 5000 ವರ್ಷಗಳಿಗೂ ಹಿಂದಿನ ಒಂದು ಮಗುವಿನ ಸಮಾಧಿಯಲ್ಲಿ ಇಂಥ ಆಟದ್ದೆಂದು ಅವರು ಗುರುತಿಸಿದ ಕಲ್ಲಿನ ಸಾಮಗ್ರಿಗಳು ದೊರೆತವು. ಮಗುವಿನ ಜೊತೆಗೆ ಅದರ ಆಟದ ಸಾಮಾನನ್ನೂ ಇಟ್ಟು ಮಣ್ಣು ಮಾಡಿದ ಆ ತಾಯಿತಂದೆಯರಿಗೆ ಆಟದ ಬೆಲೆ ತಿಳಿದಿತ್ತು. ಇಂದು ದೊಡ್ಡ ನಗರಗಳಲ್ಲಿ ಬೌಲಿಂಗ್ ಎಂಬ ಹೆಸರಿನಿಂದ ನಡೆಯುವ ಆಟವೂ ಇದೇ ಕುಲಕ್ಕೆ ಸೇರಿದುದು. ಅಲ್ಲಿ ನುಣುಪಾದ ಮರದ ಹಾಸಿನ ಮೇಲೆ 60 ಅಡಿ ದೂರದಲ್ಲಿ 10 ಗುರಿಗಳನ್ನು ನಿಲ್ಲಿಸಿ, ಭಾರವಾದ ಚೆಂಡನ್ನು ಉರುಳಿಸುತ್ತಾರೆ. ಹಣ ಕೊಟ್ಟು ಆಡುವ ಆ ಆಟದ ಗೊಡವೆ ನಮಗೆ ಬೇಡ. ನಮ್ಮ ಅಂಗಳದ ಮಣ್ಣೇ ನಮಗೆ ಸಾಕು.

ಆದರೆ ಈ ಆಟದಲ್ಲಿ ಒಂದು ದೋಷವುಂಟು. ಅದನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಒಂದು ತರಗತಿಯಲ್ಲಿ 40 ಮಕ್ಕಳು, ಒಂದೇ ಚೆಂಡು. ಒಬ್ಬನು ಉರುಳಿಸಿ, ಬಿದ್ದ ಗುರಿಗಳನ್ನು ಮತ್ತೆ ನಿಲ್ಲಿಸಿ, ಚೆಂಡು ಹಿಂದಕ್ಕೆ ಬರಲು ಒಂದು ನಿಮಿಷ ಹಿಡಿಯುತ್ತದೆಂದು ಇಟ್ಟುಕೊಳ್ಳಿ. 40 ನಿಮಿಷಗಳ ಅವಧಿಯಲ್ಲಿ ಪ್ರತಿ ಮಗುವಿಗೂ ಸರದಿ ಬರುವುದು ಒಂದೇ ಒಂದು ಬಾರಿ. ಉಳಿದ 39 ನಿಮಿಷ ಅದು ಬಿಸಿಲಿನಲ್ಲಿ ಸಾಲಾಗಿ ನಿಂತಿರುತ್ತದೆ. ನಿಂತ ಮಕ್ಕಳು ತಳ್ಳಾಡುತ್ತಾರೆ, ಗುರುಗಳು ಗದರುತ್ತಾರೆ, ಅವಧಿ ಮುಗಿಯುತ್ತದೆ. ಇದು ವ್ಯಾಯಾಮವಲ್ಲ, ಕಾಯುವ ಕೆಲಸ.

ಈಗ ಅದೇ 40 ಮಕ್ಕಳನ್ನು ನಾಲ್ವರಂತೆ 10 ಗುಂಪು ಮಾಡಿ, ಗುಂಪಿಗೊಂದು ಚೆಂಡು ಕೊಡಿ. ಒಬ್ಬರು ಉರುಳಿಸಬೇಕು, ಒಬ್ಬರು ಗುರಿಗಳ ಹಿಂದೆ ನಿಂತು ಚೆಂಡನ್ನು ಹಿಡಿದು ಓಡಿ ತರಬೇಕು, ಇನ್ನಿಬ್ಬರು ಬಿದ್ದ ಗುರಿಗಳನ್ನು ಬೇಗ ಬೇಗ ನಿಲ್ಲಿಸಬೇಕು. ಪ್ರತಿ ಸರದಿಗೂ ಸ್ಥಾನಗಳು ಬದಲಾಗಬೇಕು. ಅದೇ 40 ನಿಮಿಷಗಳಲ್ಲಿ ಪ್ರತಿ ಮಗುವೂ 10 ಬಾರಿ ಉರುಳಿಸುತ್ತದೆ, 10 ಬಾರಿ ಓಡುತ್ತದೆ, 20 ಬಾರಿ ಬಾಗಿ ಏಳುತ್ತದೆ. ಮಕ್ಕಳೂ ಅವರೇ, ಅಂಗಳವೂ ಅದೇ, ಗುರುಗಳೂ ಒಬ್ಬರೇ. ಹೆಚ್ಚಾಗಿ ಬೇಕಾದುದು ಒಂಬತ್ತು ಚಿಂದಿಯ ಚೆಂಡುಗಳು ಮತ್ತು ಇನ್ನಷ್ಟು ಗುರಿಗಳು ಮಾತ್ರ.

ನಮ್ಮ ಹಿರಿಯರು ಈ ದೋಷವನ್ನು ಎಂದೋ ಕಂಡುಕೊಂಡಿದ್ದರು. ಲಗೋರಿಯನ್ನು ನೆನೆಯಿರಿ. ಏಳು ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಚೆಂಡಿನಿಂದ ಹೊಡೆದು ಬೀಳಿಸುವುದರಿಂದ ಆಟ ಮುಗಿಯುವುದಿಲ್ಲ. ಅಲ್ಲಿಂದಲೇ ಆಟ ಮೊದಲಾಗುತ್ತದೆ. ಬೀಳಿಸಿದವರು ಮತ್ತೆ ಪೇರಿಸಲು ನುಗ್ಗಬೇಕು, ಎದುರಿನವರು ಚೆಂಡಿನಿಂದ ಹೊಡೆದು ತಡೆಯಬೇಕು. ಒಬ್ಬನು ಎಸೆದ ಮರುಕ್ಷಣವೇ ಎಲ್ಲರೂ ಓಡುತ್ತಿರುತ್ತಾರೆ. ಲಗೋರಿಯ ಈ ಗುಟ್ಟನ್ನೇ ಚೆಂಡು ಉರುಳಿಸುವ ಆಟಕ್ಕೂ ಅಳವಡಿಸಿದರೆ ಶಾಲೆಯ ಚಿಕ್ಕ ಮಕ್ಕಳಿಗೆ ತಕ್ಕ ವ್ಯಾಯಾಮವಾಗುತ್ತದೆ. ಅಂಥ ಮೂರು ಆಟಗಳನ್ನು ವಿವರಿಸುತ್ತೇನೆ. ತಾವು ಶಾಲೆಯ ಗುರುಗಳಿಗೂ ತಿಳಿಸಬಹುದು, ಸಂಜೆ ಮನೆಯ ಮುಂದೆಯೂ ಆಡಿಸಬಹುದು.

ಮೊದಲನೆಯದು ಸುತ್ತು ಓಟದ ಆಟ. ಐದೈದು ಮಕ್ಕಳ ಎರಡು ಪಕ್ಷಗಳು. ಒಂದು ಪಕ್ಷದ ಮಗುವೊಂದು ಚೆಂಡನ್ನು ಉರುಳಿಸಿ ಗುರಿಗಳನ್ನು ಕೆಡವುತ್ತದೆ. ಒಡನೆಯೇ ಆ ಪಕ್ಷದ ಐವರೂ ಒಬ್ಬರ ಹಿಂದೊಬ್ಬರು ದೂರದ ಗಿಡವನ್ನೋ ಕಲ್ಲನ್ನೋ ಸುತ್ತಿ ಬರಲು ಓಡಬೇಕು. ಎದುರು ಪಕ್ಷದವರು ಬಿದ್ದ ಗುರಿಗಳನ್ನೆಲ್ಲ ನಿಲ್ಲಿಸಿ “ಆಯಿತು” ಎಂದು ಕೂಗುವ ತನಕ ಎಷ್ಟು ಸುತ್ತು ಪೂರೈಸುವುದೋ ಅಷ್ಟು ಅಂಕ. ಹೆಚ್ಚು ಗುರಿ ಬಿದ್ದಷ್ಟೂ ಓಡಲು ಹೆಚ್ಚು ಸಮಯ ಸಿಕ್ಕುತ್ತದೆ. ಮುಂದಿನ ಸರದಿ ಎದುರು ಪಕ್ಷದ್ದು.

ಎರಡನೆಯದು ಕೋಟೆ ಕಾಯುವ ಆಟ. ಅಂಗಳದ ನಡುವೆ ಸುಣ್ಣದಿಂದಲೋ ಬೂದಿಯಿಂದಲೋ ಒಂದು ಗೆರೆ ಎಳೆಯಬೇಕು. ಎರಡು ಪಕ್ಷಗಳೂ ತಂತಮ್ಮ ಪಾಲಿನ ಹಿಂಬದಿಯಲ್ಲಿ 10 ಗುರಿಗಳನ್ನು ನಿಲ್ಲಿಸಿಕೊಳ್ಳಬೇಕು. ಐದಾರು ಚೆಂಡುಗಳು ಏಕಕಾಲದಲ್ಲಿ ಅತ್ತಿಂದಿತ್ತ ಉರುಳುತ್ತಿರುತ್ತವೆ. ಗೆರೆ ದಾಟದೆ, ಚೆಂಡನ್ನು ಎಸೆಯದೆ, ನೆಲದ ಮೇಲೆ ಉರುಳಿಸಿಯೇ ಎದುರಿನವರ ಗುರಿಗಳನ್ನು ಕೆಡವಬೇಕು. ತಮ್ಮ ಗುರಿಗಳತ್ತ ಬರುವ ಚೆಂಡನ್ನು ಕೈಯಿಂದಲೋ ಕಾಲಿನಿಂದಲೋ ತಡೆಯಬೇಕು. ಐದು ನಿಮಿಷಗಳಾದ ಮೇಲೆ ಯಾರ ಕೋಟೆಯಲ್ಲಿ ಹೆಚ್ಚು ಗುರಿ ನಿಂತಿವೆಯೋ ಅವರು ಗೆದ್ದರು. ಎಲ್ಲವನ್ನೂ ಮತ್ತೆ ನಿಲ್ಲಿಸಿ ಮತ್ತೆ ಮೊದಲುಮಾಡಬಹುದು.

ಮೂರನೆಯದು ಲೆಕ್ಕದ ಆಟ. ಪ್ರತಿ ಗುರಿಯ ಮೇಲೂ ಇದ್ದಿಲಿನಿಂದ 1ರಿಂದ 9ರವರೆಗಿನ ಅಂಕಿಯೊಂದನ್ನು ಬರೆದಿರಬೇಕು. ಉರುಳಿಸಿದ ಮಗುವು ಬಿದ್ದ ಗುರಿಗಳ ಅಂಕಿಗಳನ್ನು ಕೂಡಿಸಿ, ಓಡಿಹೋಗಿ ಗೋಡೆಯ ಹಲಗೆಯ ಮೇಲೆ ಮೊತ್ತ ಬರೆದು ಬರಬೇಕು. ಮೂರನೆಯ ತರಗತಿಯವರು ಕೂಡಿಸಲಿ, ಐದನೆಯ ತರಗತಿಯವರು ಗುಣಿಸಲಿ. ಆಡಿದರೆ ಪಾಠ ಕೆಡುತ್ತದೆಂಬ ತಮ್ಮ ಭಯಕ್ಕೆ ಈ ಆಟವೇ ಉತ್ತರ.

ಈ ಯಾವ ಆಟದಲ್ಲಿಯೂ ‘ನೀನು ಔಟ್’ ಎಂದು ಮಗುವನ್ನು ಹೊರಗೆ ಕೂರಿಸುವುದಿಲ್ಲವೆಂಬುದನ್ನು ಗಮನಿಸಿರಿ. ಮೊದಲು ಔಟಾಗುವ ಮಗು ಸಾಮಾನ್ಯವಾಗಿ ನಿಧಾನವಾದುದು, ನಿತ್ರಾಣವಾದುದು, ಹೆದರುವಂಥದು. ಯಾರಿಗೆ ಆಟವು ಹೆಚ್ಚು ಅಗತ್ಯವೋ ಅವರನ್ನೇ ಮೊದಲು ಹೊರಗೆ ಹಾಕುವುದು ಯಾವ ನ್ಯಾಯ?

ಉರುಳಿಸುವ ಕ್ರಮವನ್ನೂ ತಿಳಿದಿರುವುದು ಲೇಸು. ಒಂದು, ಎರಡನೆಯ ತರಗತಿಯ ಮಕ್ಕಳು ಕಾಲುಗಳನ್ನು ಅಗಲಿಸಿ ನಿಂತು, ದೊಡ್ಡ ಚೆಂಡನ್ನು ಎರಡೂ ಕೈಗಳಿಂದ ಕಾಲುಗಳ ನಡುವಿನಿಂದ ಮುಂದಕ್ಕೆ ತಳ್ಳಲಿ. ಗುರಿಯು ಎಂಟು ಹತ್ತು ಅಡಿ ದೂರದಲ್ಲಿದ್ದರೆ ಸಾಕು. ಅದಕ್ಕಿಂತ ದೊಡ್ಡವರಿಗೆ 15ರಿಂದ 20 ಅಡಿ ದೂರವಿಡಬಹುದು. ಅವರು ಒಂದೇ ಕೈಯಿಂದ ಉರುಳಿಸಲಿ. ಬಲಗೈಯವರು ಎಡಗಾಲನ್ನು ಮುಂದಿಡಬೇಕು, ಎಡಗೈಯವರು ಬಲಗಾಲನ್ನು. ಕೈಯನ್ನು ಹಿಂದಕ್ಕೆ ಬೀಸಿ, ಮಂಡಿ ಬಾಗಿಸಿ, ಚೆಂಡನ್ನು ನೆಲಕ್ಕೆ ತಾಗುವಂತೆ ಬಿಟ್ಟು, ಬಿಟ್ಟ ಮೇಲೂ ಕೈ ಗುರಿಯತ್ತಲೇ ಚಾಚಿರಬೇಕು. ಕಣ್ಣು ಚೆಂಡಿನ ಮೇಲಲ್ಲ, ಗುರಿಯ ಮೇಲಿರಬೇಕು. ಎಡಗೈಯಿಂದ ಆಡುವ ಮಗುವನ್ನು ದಯವಿಟ್ಟು ಗದರಬೇಡಿ. ಅದು ದೋಷವಲ್ಲ, ಹುಟ್ಟುಗುಣ.

ಸಾಮಗ್ರಿಗಳ ವಿಚಾರ. ಹಳೆಯ ಬಟ್ಟೆಯ ಚಿಂದಿಗಳನ್ನು ಬಿಗಿಯಾಗಿ ಉಂಡೆ ಮಾಡಿ, ಮೇಲೆ ಹುರಿ ಸುತ್ತಿ, ಸುಲಿದ ತೆಂಗಿನಕಾಯಿಯ ಗಾತ್ರಕ್ಕೆ ಬಂದ ಮೇಲೆ ಗಟ್ಟಿ ಬಟ್ಟೆಯಿಂದ ಹೊಲಿದರೆ ಚೆಂಡು ಸಿದ್ಧ. ತೂಕಕ್ಕಾಗಿ ಒಳಗೆ ಕಲ್ಲು ಇಡಬಾರದು. ಗುರಿಗಳಿಗೆ ಗೇಣುದ್ದದ ಬಿದಿರಿನ ತುಂಡುಗಳು, ಒಂದರ ಮೇಲೊಂದು ಕವುಚಿದ ತೆಂಗಿನ ಕರಟಗಳು, ಒಂದು ಹಿಡಿ ಮರಳು ತುಂಬಿ ಮುಚ್ಚಿದ ಖಾಲಿ ಪ್ಲಾಸ್ಟಿಕ್ ನೀರಿನ ಬಾಟಲಿಗಳು ಒದಗುತ್ತವೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊಲಕ್ಕೆ ಸಿಂಪಡಿಸುವ ಕೀಟನಾಶಕದ ಡಬ್ಬಿಗಳನ್ನೂ ಬಾಟಲಿಗಳನ್ನೂ ಎಷ್ಟೇ ತೊಳೆದರೂ ಮಕ್ಕಳ ಕೈಗೆ ಕೊಡಬಾರದು. ನೋಡಲು ಅವು ಚೆಂದವಾಗಿ ನಿಲ್ಲುತ್ತವೆ, ನಿಜ. ಆದರೆ ಅವುಗಳಲ್ಲಿ ಉಳಿದ ವಿಷವು ಕೈಯಿಂದ ಬಾಯಿಗೆ ಹೋಗುತ್ತದೆ, ಚರ್ಮದ ಮೂಲಕವೂ ಮೈ ಸೇರುತ್ತದೆ. ಗಾಜಿನ ಸೀಸೆಗಳೂ ಬೇಡ.

ಆಡುವ ಜಾಗದಲ್ಲಿ ಮುಳ್ಳು, ಗಾಜಿನ ಚೂರು ಇರದಂತೆ ದೊಡ್ಡವರು ಮೊದಲು ನೋಡಬೇಕು. ಪಾರ್ಥೇನಿಯಂ ಕಳೆ ಬೆಳೆದಿದ್ದರೆ ಹೂ ಬಿಡುವ ಮುನ್ನವೇ ಕೀಳಿಸಬೇಕು. ಅದರಿಂದ ಕೆಲವರಿಗೆ ಮೈ ತುರಿಕೆಯೂ ಉಬ್ಬಸವೂ ಉಂಟಾಗುತ್ತವೆ. ಕೀಳುವವರು ಬರಿಗೈಯಿಂದ ಮುಟ್ಟಬಾರದು. ಉರಿಬಿಸಿಲಿನಲ್ಲಿ ಆಡಿಸಬಾರದು, ಬೆಳಿಗ್ಗೆಯೋ ಬಿಸಿಲು ಇಳಿದ ಮೇಲೋ ಆಡಿಸಬೇಕು. ಕುಡಿಯುವ ಶುದ್ಧ ನೀರು ಹತ್ತಿರದಲ್ಲಿರಲಿ. ಮಂಡಿ ತರಚಿದರೆ ಮಣ್ಣನ್ನಾಗಲಿ ಸಗಣಿಯನ್ನಾಗಲಿ ಮೆತ್ತದೆ, ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆಯಿರಿ. ಧನುರ್ವಾಯು ತಡೆಯುವ ಚುಚ್ಚುಮದ್ದನ್ನು 5ರಿಂದ 6 ವರ್ಷದೊಳಗೆ, ಅನಂತರ 10 ಹಾಗೂ 16ನೆಯ ವರ್ಷಗಳಲ್ಲಿ ಮಕ್ಕಳಿಗೆ ಹಾಕಿಸಿರಬೇಕು.

ಮಗುವು ಸ್ವಲ್ಪ ಓಡಿದರೆ ಸಾಕು ಏದುಸಿರು ಬಿಡುತ್ತದೆಯೇ? ಅಂಗೈಯೂ ಕಣ್ಣಿನ ಒಳರೆಪ್ಪೆಯೂ ಬಿಳಿಚಿಕೊಂಡಿವೆಯೇ? ಅದನ್ನು ಸೋಮಾರಿಯೆಂದು ಜರೆಯಬೇಡಿ. ಅದು ರಕ್ತಹೀನತೆಯ ಲಕ್ಷಣವಾಗಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ತಪ್ಪದೆ ನುಂಗಿಸಿರಿ. ಬಯಲಿನಲ್ಲಿ ಮಲವಿಸರ್ಜನೆ ನಡೆಯುವ ನೆಲದಲ್ಲಿ ಬರಿಗಾಲಿನಿಂದ ಓಡಾಡಿದರೆ ಕೊಕ್ಕೆಹುಳುವಿನ ಮರಿಗಳು ಅಂಗಾಲಿನ ಮೂಲಕ ಮೈ ಹೊಕ್ಕು ಕರುಳು ಸೇರಿ ರಕ್ತ ಹೀರುತ್ತವೆ. ಆದುದರಿಂದ ಕಾಲಿಗೆ ಚಪ್ಪಲಿ, ಮನೆಗೆ ಶೌಚಾಲಯ ಇವೆರಡೂ ಆಟದ ಸಿದ್ಧತೆಯೇ ಎಂದು ತಿಳಿಯಿರಿ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಗುವನ್ನು ಶಾಲೆಗೆ ತಪ್ಪಿಸಬೇಡಿ.

ನಡೆಯಲಾರದ ಮಗು ಇರುವ ಮನೆಯವರು ಈ ಮಾತುಗಳನ್ನು ಕೇಳಿ ನಿಟ್ಟುಸಿರು ಬಿಡಬಹುದು. ಅವರಿಗೂ ಒಂದು ಸಮಾಧಾನವಿದೆ. ಕುಳಿತಲ್ಲಿಂದಲೇ ಆಡಬಹುದಾದ ಆಟವಿದು. ಕೈಗೂ ಬಲವಿಲ್ಲದಿದ್ದರೆ ಅಗಲವಾದ ಹಲಗೆಯೊಂದನ್ನು ಇಳಿಜಾರಾಗಿ ಆನಿಸಿಕೊಡಿ. ಮಗುವು ಮೇಲಿನಿಂದ ಚೆಂಡನ್ನು ಬಿಟ್ಟರೆ ಅದು ತಾನಾಗಿ ಗುರಿಯತ್ತ ಉರುಳುತ್ತದೆ. ಅಂಗವಿಕಲರ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ 1984ರಿಂದಲೂ ಇರುವ ಬೋಚಿಯಾ ಎಂಬ ಚೆಂಡಿನ ಆಟದಲ್ಲಿ ಇಂಥ ಇಳಿಜಾರು ಹಲಗೆಯನ್ನು ಬಳಸಲು ಅವಕಾಶವಿದೆ. ಗುರಿ ಬಿದ್ದಾಗ ಆ ಮಗುವಿನ ಮುಖವನ್ನು ಒಮ್ಮೆ ನೋಡಿರಿ.

ಇನ್ನು ನಾನು ಹೇಳಲೇಬೇಕೆಂದು ಬಂದ ಮಾತಿಗೆ ಬರುತ್ತೇನೆ.

ಶಾಲೆಯ ಅಂಗಳಗಳಲ್ಲಿ ಒಂದು ದೃಶ್ಯವನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಮಕ್ಕಳು ಆಡುತ್ತಿರುತ್ತಾರೆ. ಗೋಡೆಯ ಪಕ್ಕದಲ್ಲಿ ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತಿರುತ್ತಾಳೆ. ಚೆಂಡು ಉರುಳುತ್ತಾ ಅವಳ ಕಾಲ ಬಳಿಗೆ ಬರುತ್ತದೆ. ಅವಳು ಕಾಲಿನಿಂದ ಅದನ್ನು ಹಿಂದಕ್ಕೆ ತಳ್ಳಿ ನಗುತ್ತಾಳೆ. ಅಷ್ಟರಲ್ಲಿ ಕೂಸು ಅಳುತ್ತದೆ, ಅವಳು ಮನೆಯ ದಾರಿ ಹಿಡಿಯುತ್ತಾಳೆ. ಆ ದಿನ ಅವಳ ಪಾಲಿಗೆ ಬಂದ ಆಟವೆಂದರೆ ಅದೊಂದೇ.

ಶಾಲೆಯ ಸಾಲಿನಲ್ಲಿ ಸರದಿಗಾಗಿ ಕಾಯುವ ಮಕ್ಕಳ ಲೆಕ್ಕವನ್ನು ಆಗಲೇ ಹೇಳಿದೆ. ಆ 40 ಮಕ್ಕಳಿಗೆ ಒಂದು ಸರದಿಯಾದರೂ ಬರುತ್ತದೆ. ಈ ಹುಡುಗಿ ನಿಂತಿರುವ ಸಾಲಿನಲ್ಲಿ ಸರದಿಯೇ ಬರುವುದಿಲ್ಲ. ಗುರುಗಳು 10 ಗುಂಪು ಮಾಡಲಿ, 20 ಗುಂಪು ಮಾಡಲಿ, ಅವಳ ಕಂಕುಳ ಕೂಸನ್ನು ಇಳಿಸಿಕೊಳ್ಳುವುದು ಅವರಿಂದ ಆಗದು. ಅದನ್ನು ಮಾಡಬೇಕಾದವರು ತಾವು, ತಾಯಿತಂದೆಯರು.

ತಮ್ಮನ್ನು ದೂರುತ್ತಿದ್ದೇನೆಂದು ಭಾವಿಸಬೇಡಿ. ಕಳೆ ಕೀಳುವ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ ಕೂಸನ್ನು ಯಾರ ಕೈಗೆ ಕೊಡುವುದೆಂಬ ಕಷ್ಟವು ತಾಯಂದಿರಿಗೆ ಮಾತ್ರ ಗೊತ್ತು. ಆದರೆ ದಾರಿಗಳೂ ಇವೆ. ಮೂರು ವರ್ಷ ತುಂಬಿದ ಮಗುವನ್ನು ಅಂಗನವಾಡಿಗೆ ಕಳುಹಿಸಿರಿ. ಅದಕ್ಕಿಂತ ಚಿಕ್ಕ ಮಕ್ಕಳಿಗಾಗಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳನ್ನು 2023ರ ಅನಂತರ ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲಾಯಿತು. ತಮ್ಮ ಪಂಚಾಯಿತಿಯಲ್ಲಿ ಉಂಟೇ ಎಂದು ವಿಚಾರಿಸಿರಿ. ಸಂಜೆಯ ಒಂದು ಗಂಟೆ ಕೂಸನ್ನು ತಂದೆಯೇ ಎತ್ತಿಕೊಳ್ಳಲಿ; ಮಗುವನ್ನು ಎತ್ತಿಕೊಂಡ ಗಂಡಸಿನ ಗೌರವಕ್ಕೆ ಕುಂದೇನೂ ಬರುವುದಿಲ್ಲ. ಎತ್ತಿಕೊಳ್ಳುವ ಸರದಿ ಅಕ್ಕನಿಗೆ ಬಂದಂತೆ ಅಣ್ಣನಿಗೂ ಬರಲಿ. ಒಂದು ಮಗುವಿಗೂ ಮುಂದಿನ ಮಗುವಿಗೂ ಸಾಕಷ್ಟು ಅಂತರವಿದ್ದರೆ ತಾಯಿಯ ಮೈಯಲ್ಲಿ ಬಲ ಉಳಿಯುವುದು ಮಾತ್ರವಲ್ಲ, ಹಿರಿಯ ಮಗಳ ಬಾಲ್ಯವೂ ಉಳಿಯುತ್ತದೆ. ಚೆಂಡಿಗೂ ಕುಟುಂಬದ ಕ್ಷೇಮಕ್ಕೂ ಏನು ಸಂಬಂಧವೆಂಬ ಮೊದಲಿನ ಪ್ರಶ್ನೆಗೆ ಉತ್ತರವು ಇಲ್ಲಿದೆ.

ಶಾಲೆಯಲ್ಲಿ ಆಟದ ಅನುಕೂಲವನ್ನು ಕೇಳುವ ಹಕ್ಕೂ ತಮಗಿದೆ. 2009ರಲ್ಲಿ ಸಂಸತ್ತು ಅಂಗೀಕರಿಸಿ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಶಾಲೆಗೆ ಆಟದ ಮೈದಾನವೂ ಆಟದ ಸಾಮಗ್ರಿಗಳೂ ಇರಬೇಕೆಂದು ವಿಧಿಸಿದೆ. ಸರ್ಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕೆಂದೂ ಅರ್ಧದಷ್ಟು ಸದಸ್ಯರು ಮಹಿಳೆಯರಾಗಿರಬೇಕೆಂದೂ ಅದೇ ಕಾಯಿದೆ ಹೇಳುತ್ತದೆ. ಮುಂದಿನ ಸಭೆಗೆ ದಂಪತಿಗಳಿಬ್ಬರೂ ಹೋಗಿರಿ. ಬಿಸಿಯೂಟದ ವಿಚಾರ ಕೇಳುವಂತೆಯೇ, “ಆಟದ ಅವಧಿಯಲ್ಲಿ ಎಷ್ಟು ಮಕ್ಕಳು ಆಡುತ್ತಾರೆ, ಎಷ್ಟು ಮಕ್ಕಳು ನಿಂತಿರುತ್ತಾರೆ?” ಎಂದು ಕೇಳಿರಿ. ಬರಿಗೈಯಲ್ಲಿ ಕೇಳಬೇಡಿ, ಮನೆಗೊಂದು ಚಿಂದಿಯ ಚೆಂಡನ್ನೂ ನಾಲ್ಕು ಬಿದಿರಿನ ತುಂಡುಗಳನ್ನೂ ಹಿಡಿದುಕೊಂಡು ಹೋಗಿ ಕೇಳಿರಿ. ಹತ್ತು ಮನೆಯವರು ಮನಸ್ಸು ಮಾಡಿದರೆ ಒಂದು ತರಗತಿಗೆ ಸಾಕಾಗುವಷ್ಟು ಸಾಮಗ್ರಿ ಒಂದೇ ದಿನದಲ್ಲಿ ಕೂಡಿಬರುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಮಕ್ಕಳ ನಡತೆಯ ವಿಚಾರದಲ್ಲಿ ಮಾತ್ರ ಹೇಳುತ್ತೇವೆ. ಮೈಯ ವಿಚಾರದಲ್ಲಿಯೂ ಅದು ಸತ್ಯ. ಎಳೆಯ ವಯಸ್ಸಿನಲ್ಲಿ ಓಡಿ, ಬಾಗಿ, ಗುರಿಯಿಟ್ಟು ಆಡಿದ ಮೈಯಲ್ಲಿ ಎಲುಬು ಗಟ್ಟಿಯಾಗುತ್ತದೆ. ಆ ಗಟ್ಟಿತನವು ಮುಂದೆ ಹೊಲದ ದುಡಿಮೆಗೂ ತಾಯ್ತನದ ಭಾರಕ್ಕೂ ಒದಗಿಬರುತ್ತದೆ.

ಇಂದು ಸಂಜೆ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿರಿ. ಪೆಟ್ಟಿಗೆಯಲ್ಲಿರುವ ಹಳೆಯ ಚಿಂದಿಗಳನ್ನು ಹೊರತೆಗೆದು ಮಕ್ಕಳೊಡನೆ ಕುಳಿತು ಒಂದು ಚೆಂಡು ಕಟ್ಟಿರಿ. ಮಗಳ ಕಂಕುಳಲ್ಲಿ ಕೂಸಿದ್ದರೆ ಅದನ್ನು ತಾವು ತೆಗೆದುಕೊಳ್ಳಿರಿ. ಚೆಂಡನ್ನು ಅವಳ ಕೈಗೆ ಕೊಟ್ಟು, ಮೊದಲ ಸರದಿ ನಿನ್ನದೆಂದು ಹೇಳಿರಿ.